ಎರಡು ಅಂಕಕ್ಕೆ ಹ್ಯೂಸ್ಟನ್ ತಪ್ಪಿತು, ತಪ್ಪಿದ್ದೆಲ್ಲಿ?

ಪ್ರಶ್ನೆ: ಸರ್, ನಾವು ದಾವಣಗೆರೆ ಕಡೆಯವರು. ಮಿಶಿಗನ್‌ನ ಕ್ಯಾಂಟನ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಮಗಳು 11ನೇ ತರಗತಿ. ಶಾಲೆಯ 'ಫಸ್ಟ್' (FIRST) ರೋಬೋಟಿಕ್ಸ್ ಸ್ಪರ್ಧೆಯ ತಂಡದಲ್ಲಿ ಮೂರು ವರ್ಷದಿಂದ ಇದ್ದಾಳೆ. ಈ ಸಲ ವೈರಿಂಗ್ ಪೂರ್ತಿ ಅವಳದೇ ಜವಾಬ್ದಾರಿ. ಮೊದಲ ಡಿಸ್ಟ್ರಿಕ್ಟ್ ಈವೆಂಟ್‌ನಲ್ಲಿ 40 ತಂಡಗಳಲ್ಲಿ 4ನೇ ಸ್ಥಾನ ಬಂತು, 3ನೇ ಅಲಯನ್ಸ್‌ಗೆ (ಮೂರು ತಂಡಗಳ ಕೂಟ) ಕ್ಯಾಪ್ಟನ್ ಆದರು. ಆದರೆ ಪ್ಲೇಆಫ್‌ನಲ್ಲಿ ಎರಡೇ ಮ್ಯಾಚ್‌ಗೆ ಹೊರಗೆ. ಎರಡನೇ ಈವೆಂಟ್‌ನಲ್ಲೂ 40 ತಂಡ, 11ನೇ ಸ್ಥಾನ. ಅಲ್ಲಿ ಎರಡು ಮ್ಯಾಚ್‌ನಲ್ಲಿ ರೋಬೋಟ್ ನಡುವೆಯೇ ನಿಂತುಬಿಟ್ಟಿತು. ಆದರೂ 6ನೇ ಅಲಯನ್ಸ್ ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು, ಮೂರನೇ ಸ್ಥಾನಕ್ಕೆ ಬಂದರು. ಸ್ಟೇಟ್ ಚಾಂಪಿಯನ್‌ಶಿಪ್‌ಗೆ ಹೋದೆವು. ಅಲ್ಲಿ ಡಿವಿಷನ್‌ನಲ್ಲಿ 14ನೇ ಸ್ಥಾನ. 2ನೇ ಅಲಯನ್ಸ್ ಎರಡನೇ ಸುತ್ತಿನಲ್ಲಿ ಆರಿಸಿತು, ಬೇಗ ಸೋತರು. ಪಟ್ಟಿ ಬಂದಾಗ ಎರಡು ಅಂಕದಲ್ಲಿ ಹ್ಯೂಸ್ಟನ್‌ನ ವಿಶ್ವ ಚಾಂಪಿಯನ್‌ಶಿಪ್ ತಪ್ಪಿತ್ತು. ನಮಗಿಂತ ಓಪಿಆರ್ (ಒಂದು ರೋಬೋಟ್ ಎಷ್ಟು ಸ್ಕೋರ್ ತರುತ್ತದೆ ಅನ್ನುವ ಅಂದಾಜು) ಕಡಿಮೆ ಇದ್ದ ತಂಡಗಳು ಹೋಗಿ ಬಂದವು. ಕ್ಯಾಪ್ಟನ್‌ಗಳು ಸ್ನೇಹಿತರನ್ನೇ ಆರಿಸುತ್ತಾರಂತೆ, ನಿಜವೇ? ಮುಂದಿನ ವರ್ಷ ಮೂರನೇ ಈವೆಂಟ್ ಆಡಿದರೆ ಅಂಕ ಜಾಸ್ತಿ ಬರುತ್ತದಾ? ದೊಡ್ಡ ತಂಡ ಇರುವ ಶಾಲೆಯ ಹತ್ತಿರ ಮನೆ ಬದಲಿಸೋಣವೆಂದು ಯಜಮಾನರು ಹೇಳುತ್ತಿದ್ದಾರೆ. ಕಾಲೇಜು ಅರ್ಜಿಗೆ ಪೆಟ್ಟು ಬೀಳುತ್ತದಾ? ಕನ್ನಡ ಕೂಟದ ಯುಗಾದಿ ಊಟದಲ್ಲಿ ಎಲ್ಲರೂ "ಹ್ಯೂಸ್ಟನ್‌ಗೆ ಯಾವಾಗ?" ಅಂತ ಕೇಳಿದರು, ಅವಳು ಅರ್ಧ ಊಟಕ್ಕೆ ಎದ್ದು ಕಾರಿನಲ್ಲಿ ಹೋಗಿ ಕೂತಳು. ಮೂರು ವಾರದಿಂದ ವರ್ಕ್‌ಶಾಪ್ ಕಡೆ ಹೋಗಿಲ್ಲ. "ವೈರಿಂಗ್ ನನ್ನದು, ತಪ್ಪೂ ನನ್ನದೇ" ಅನ್ನುತ್ತಾಳೆ.

ಉತ್ತರ: ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ ಮೇಡಂ. ಉಳಿದ ಪ್ರಶ್ನೆಗಳೆಲ್ಲ ಅದರ ಸುತ್ತಲೇ ಹುಟ್ಟಿದ ಹಾಗೆ ಕಾಣುತ್ತದೆ. "ತಪ್ಪು ನಂದೇ" ಅಂತ ಮಗಳು ಹೇಳಿದರೆ ನಾವು ತಂದೆತಾಯಿಗಳು ತಕ್ಷಣ "ಇಲ್ಲ ಕಣೇ, ನಿಂದೇನೂ ತಪ್ಪಿಲ್ಲ" ಅಂದುಬಿಡುತ್ತೇವೆ. ಅವಳು ಅದನ್ನು ನಂಬುವುದಿಲ್ಲ. ಎಂಜಿನಿಯರ್ ಆಗಲು ಹೊರಟ ಹುಡುಗಿಗೆ ಸಮಾಧಾನಕ್ಕಿಂತ ಲೆಕ್ಕ ಒಳ್ಳೆಯದು. ನೀವು ಪತ್ರದಲ್ಲಿ ಕೊಟ್ಟ ಸಂಖ್ಯೆಗಳೇ ಸಾಕು, ಕೂತು ಲೆಕ್ಕ ಹಾಕೋಣ.

ನನ್ನ ಬಗ್ಗೆ ಎರಡು ಮಾತು. ಹಗಲು ಕಾರಿನ ಎಲೆಕ್ಟ್ರಿಕಲ್ ಕೆಲಸ, ಸಂಜೆ ಒಂದು ಶಾಲಾ ತಂಡಕ್ಕೆ ಮೆಂಟರ್. ಹದಿನಾಲ್ಕು ವರ್ಷ ಆಯಿತು. ವಸಂತದ ಶನಿವಾರಗಳಲ್ಲಿ ಈವೆಂಟ್‌ಗಳಿಗೆ ಹೋಗಿ ರೋಬೋಟ್ ಇನ್‌ಸ್ಪೆಕ್ಟರ್ ಆಗಿ ಪಿಟ್‌ಗಳಲ್ಲಿ, ಅಂದರೆ ತಂಡಗಳು ರೋಬೋಟ್ ರಿಪೇರಿ ಮಾಡುವ ಜಾಗದಲ್ಲಿ, ಮೊಣಕಾಲೂರಿ ತಿರುಗುತ್ತೇನೆ. ಹಾಗಾಗಿ ನಿಮ್ಮಂಥ ಕಥೆ ನನಗೆ ಹೊಸದಲ್ಲ. ನಮ್ಮ ತಂಡದ್ದೂ ಒಂದಿದೆ, ಮುಂದೆ ಹೇಳುತ್ತೇನೆ.

ಊರಿನಲ್ಲಿ ಕೂತು ಓದುವವರಿಗೆ ಹಿನ್ನೆಲೆ ಬೇಕು. ಅಮೆರಿಕದ ಆವಿಷ್ಕಾರಕ ಡೀನ್ ಕೇಮನ್ 1989ರಲ್ಲಿ ಫಸ್ಟ್ ಸಂಸ್ಥೆ ಹುಟ್ಟುಹಾಕಿದರು. 1992ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಒಂದು ಶಾಲೆಯ ಜಿಮ್‌ನಲ್ಲಿ 28 ತಂಡಗಳ ಜೊತೆ ಮೊದಲ ಸ್ಪರ್ಧೆ ನಡೆಯಿತು. ಈಗ ಹೈಸ್ಕೂಲ್ ಮಟ್ಟದಲ್ಲೇ ಮೂರು ಸಾವಿರಕ್ಕೂ ಹೆಚ್ಚು ತಂಡಗಳಿವೆ. ಪ್ರತಿ ಜನವರಿಯಲ್ಲಿ ಹೊಸ ಆಟ ಪ್ರಕಟವಾಗುತ್ತದೆ. ಕೆಲವೇ ವಾರಗಳಲ್ಲಿ ರೋಬೋಟ್ ಕಟ್ಟಬೇಕು. ಒಂದು ಮ್ಯಾಚ್ ಸುಮಾರು ಎರಡೂವರೆ ನಿಮಿಷ, ಮೂರು ರೋಬೋಟ್ ಒಂದು ಕಡೆ, ಮೂರು ಇನ್ನೊಂದು ಕಡೆ. ಅರ್ಹತಾ ಮ್ಯಾಚ್‌ಗಳಲ್ಲಿ ಯಾರು ನಿಮ್ಮ ಜೊತೆ, ಯಾರು ಎದುರು ಅನ್ನುವುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ. ಆಮೇಲೆ ಮೇಲಿನ ಸ್ಥಾನದ ತಂಡಗಳು ಕ್ಯಾಪ್ಟನ್ ಆಗಿ, ಎರಡೆರಡು ಜೊತೆಗಾರ ತಂಡಗಳನ್ನು ಆರಿಸಿ ಎಂಟು ಅಲಯನ್ಸ್ ಕಟ್ಟುತ್ತವೆ. ಅವುಗಳ ನಡುವಿನ ಕೊನೆಯ ಹಂತವೇ ಪ್ಲೇಆಫ್. ಮಿಶಿಗನ್ 2009ರಲ್ಲಿ ಎಲ್ಲರಿಗಿಂತ ಮೊದಲು ಡಿಸ್ಟ್ರಿಕ್ಟ್ ಪದ್ಧತಿಗೆ ಹೋಯಿತು. ಎರಡು ಡಿಸ್ಟ್ರಿಕ್ಟ್ ಈವೆಂಟ್ ಆಡಿ ಅಂಕ ಗಳಿಸಬೇಕು. ಪಟ್ಟಿಯ ಮೇಲಿನ 160 ತಂಡ ಸ್ಯಾಗಿನಾ ವ್ಯಾಲಿ ಸ್ಟೇಟ್ ಯೂನಿವರ್ಸಿಟಿಯಲ್ಲಿ ನಡೆಯುವ ಸ್ಟೇಟ್‌ಗೆ ಹೋಗುತ್ತವೆ. ಅಲ್ಲಿ ನಾಲ್ಕು ಡಿವಿಷನ್, ಒಂದೊಂದರಲ್ಲಿ 40 ತಂಡ. ಅಲ್ಲಿಂದ ಏಪ್ರಿಲ್‌ನಲ್ಲಿ ಹ್ಯೂಸ್ಟನ್.

ಈಗ ನಿಮ್ಮ ಲೆಕ್ಕ. ಅಂಕ ನಾಲ್ಕು ಕಡೆಯಿಂದ ಬರುತ್ತದೆ. ಅರ್ಹತಾ ಸ್ಥಾನಕ್ಕೆ ಒಂದು ಸೂತ್ರವಿದೆ: ಮೊದಲ ಸ್ಥಾನಕ್ಕೆ 22, ಕೊನೆಗೆ 4. 40 ತಂಡಗಳಿದ್ದರೆ 4ನೇ ಸ್ಥಾನಕ್ಕೆ 19, 11ಕ್ಕೆ 16, 14ಕ್ಕೆ 15 ಬರುತ್ತದೆ. ಎರಡನೆಯದು ಅಲಯನ್ಸ್ ಆಯ್ಕೆ. ಕ್ಯಾಪ್ಟನ್ ಆದರೆ 17ರಲ್ಲಿ ಅಲಯನ್ಸ್ ಸಂಖ್ಯೆ ಕಳೆಯಿರಿ, ಬೇರೆಯವರು ಆರಿಸಿಕೊಂಡರೆ 17ರಲ್ಲಿ ನೀವು ಎಷ್ಟನೆಯ ಪಿಕ್ (ಆಯ್ಕೆ) ಅನ್ನುವುದನ್ನು ಕಳೆಯಿರಿ. ಮೂರನೆಯದು ಪ್ಲೇಆಫ್, ಗೆದ್ದರೆ 30ರವರೆಗೆ, ಮೂರನೇ ಸ್ಥಾನಕ್ಕೆ 13, ನಾಲ್ಕಕ್ಕೆ 7, ಅದಕ್ಕೂ ಮೊದಲೇ ಹೊರಬಿದ್ದರೆ ಸೊನ್ನೆ. ನಾಲ್ಕನೆಯದು ಜಡ್ಜ್‌ಗಳು ಕೊಡುವ ಪ್ರಶಸ್ತಿ. ಸ್ಟೇಟ್‌ನಲ್ಲಿ ಇವೆಲ್ಲ ಮೂರು ಪಟ್ಟು.

ನಿಮ್ಮ ಮೊದಲ ಈವೆಂಟ್: 19, ಜೊತೆಗೆ ಕ್ಯಾಪ್ಟನ್ ಆಗಿದ್ದಕ್ಕೆ 14, ಪ್ಲೇಆಫ್ ಸೊನ್ನೆ. ಒಟ್ಟು 33. ಎರಡನೆಯದು: 16, ಪಿಕ್‌ಗೆ 11, ಮೂರನೇ ಸ್ಥಾನಕ್ಕೆ 13. ಒಟ್ಟು 40. ಸ್ಟೇಟ್: 15ರ ಮೂರು ಪಟ್ಟು 45. 2ನೇ ಅಲಯನ್ಸ್‌ನ ಎರಡನೇ ಪಿಕ್ ಅಂದರೆ 15ನೇ ಪಿಕ್, ಅದಕ್ಕೆ 2, ಮೂರು ಪಟ್ಟು ಮಾಡಿದರೆ 6. ಪ್ಲೇಆಫ್ ಸೊನ್ನೆ. ಎಲ್ಲ ಸೇರಿ 124. ಪ್ರಶಸ್ತಿಯ ಸುದ್ದಿ ನಿಮ್ಮ ಪತ್ರದಲ್ಲಿ ಇಲ್ಲ, ಹಾಗಾಗಿ ಅಲ್ಲೂ ಸೊನ್ನೆ ಅಂತ ಹಿಡಿದಿದ್ದೇನೆ. ಬೇಕಾಗಿದ್ದದ್ದು 126.

ಆ 15ನೇ ಪಿಕ್ ಅನ್ನುವುದನ್ನು ಸ್ವಲ್ಪ ನೋಡಿ. ಆಯ್ಕೆ ಹಾವು ಹರಿದ ಹಾಗೆ ನಡೆಯುತ್ತದೆ. ಮೊದಲ ಸುತ್ತು 1ನೇ ಅಲಯನ್ಸ್‌ನಿಂದ 8ರವರೆಗೆ, ಎರಡನೇ ಸುತ್ತು ತಿರುಗಿ 8ರಿಂದ 1ರವರೆಗೆ. ಹಾಗಾಗಿ ಎರಡನೇ ಸುತ್ತಿನಲ್ಲಿ 8ನೇ ಅಲಯನ್ಸ್ ಆರಿಸಿದ ತಂಡಕ್ಕೆ 8 ಅಂಕ, 1ನೇ ಅಲಯನ್ಸ್ ಆರಿಸಿದ್ದಕ್ಕೆ ಒಂದೇ ಅಂಕ. ಬಲವಾದ ಅಲಯನ್ಸ್‌ಗೆ ಹೋದಷ್ಟೂ ಕೈಗೆ ಬರುವ ಅಂಕ ಕಮ್ಮಿ! ಸ್ಟೇಟ್‌ನಲ್ಲಿ ನಿಮ್ಮನ್ನು 2ರ ಬದಲು 3ನೇ ಅಲಯನ್ಸ್ ಕರೆದಿದ್ದರೆ 6ರ ಬದಲು 9 ಬರುತ್ತಿತ್ತು, ನೀವು ಒಳಗೆ. 8ನೇ ಅಲಯನ್ಸ್ ಕರೆದಿದ್ದರೆ 24. ನಿಮಗಿಂತ ಕಳಪೆ ಅನ್ನಿಸಿದ ರೋಬೋಟ್ ಮುಂದೆ ಹೋದದ್ದರ ಗುಟ್ಟು ಬಹುಶಃ ಇಲ್ಲೇ ಇದೆ. ಇದು ಅನ್ಯಾಯ ಅಂತ ನನಗೂ ಮೊದಮೊದಲು ಅನ್ನಿಸುತ್ತಿತ್ತು. ಆದರೆ ಬಲವಾದ ಅಲಯನ್ಸ್‌ನವರಿಗೆ ಪ್ಲೇಆಫ್ ಅಂಕ ಸಿಗುವ ಸಾಧ್ಯತೆ ಜಾಸ್ತಿ, ಅಲ್ವಾ? ಪದ್ಧತಿ ಅದನ್ನು ಲೆಕ್ಕಕ್ಕೆ ಹಿಡಿದಿದೆ. ನಿಮ್ಮವರಿಗೆ ಆ ಪ್ಲೇಆಫ್ ಕೈಕೊಟ್ಟಿತು, ಅಷ್ಟೇ. "ಆ ಅಲಯನ್ಸ್ ಬೇಡ ಅನ್ನಬಹುದಿತ್ತಲ್ಲ" ಅಂತ ಕೆಲವರು ಕೇಳುತ್ತಾರೆ. ಒಮ್ಮೆ ಬೇಡ ಅಂದರೆ ಮತ್ತೆ ಯಾರೂ ನಿಮ್ಮನ್ನು ಆರಿಸುವ ಹಾಗಿಲ್ಲ. ಸ್ವತಃ ಕ್ಯಾಪ್ಟನ್ ಆಗುವ ಸ್ಥಾನದಲ್ಲಿದ್ದರೆ ಮಾತ್ರ ಆ ಧೈರ್ಯ ಮಾಡಬಹುದು. 14ನೇ ಸ್ಥಾನದಲ್ಲಿ ಕೂತು ಬೇಡ ಅನ್ನುವುದು ಊಟದ ಎಲೆಯನ್ನೇ ಎಸೆದ ಹಾಗೆ.

ಇನ್ನು ಓಪಿಆರ್. ಮೂರು ಜನ ಸೇರಿ ಅಡುಗೆ ಮಾಡುತ್ತಾರೆ, ಯಾರು ಎಷ್ಟು ಮಾಡಿದರು ಅಂತ ಯಾರೂ ಬರೆದಿಟ್ಟಿಲ್ಲ, ಒಟ್ಟು ಎಷ್ಟು ಆಯಿತು ಅಂತ ಮಾತ್ರ ಗೊತ್ತು ಅಂದುಕೊಳ್ಳಿ. ಹನ್ನೆರಡು ದಿನ ಬೇರೆ ಬೇರೆ ಜೋಡಿಗಳ ಅಡುಗೆ ನೋಡಿ ಒಬ್ಬೊಬ್ಬರ ಪಾಲನ್ನು ಗಣಿತದಿಂದ ಊಹಿಸುವುದೇ ಓಪಿಆರ್. ಉಪಯೋಗ ಇದೆ, ನಾವೂ ನೋಡುತ್ತೇವೆ. ಆದರೆ ಒಂದು ಡಿಸ್ಟ್ರಿಕ್ಟ್ ಈವೆಂಟ್‌ನಲ್ಲಿ ಸಿಗುವುದು ಹನ್ನೆರಡು ಮ್ಯಾಚ್ ಮಾತ್ರ, ಊಹೆ ಅಷ್ಟು ಗಟ್ಟಿ ಇರುವುದಿಲ್ಲ. ಎದುರಾಳಿಗೆ ಅಡ್ಡ ನಿಂತು ಡಿಫೆನ್ಸ್ ಆಡಿದ ರೋಬೋಟ್‌ನ ಬೆಲೆ ಅದರಲ್ಲಿ ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಹ್ಯೂಸ್ಟನ್ ಪಟ್ಟಿ ಮಾಡುವ ಪದ್ಧತಿ ಓಪಿಆರ್ ಕಡೆ ತಿರುಗಿಯೂ ನೋಡುವುದಿಲ್ಲ. "ನಮ್ಮ ಓಪಿಆರ್ ಜಾಸ್ತಿ ಇತ್ತು" ಅನ್ನುವುದು ನೆಟ್ ಪ್ರಾಕ್ಟೀಸ್‌ನಲ್ಲಿ ಚೆನ್ನಾಗಿ ಆಡುತ್ತಿದ್ದೆ ಅಂದ ಹಾಗೆ. ನಿಜವೇ ಇರಬಹುದು, ಸ್ಕೋರ್‌ಬೋರ್ಡ್‌ಗೆ ಅದು ಬರುವುದಿಲ್ಲ.

ಕ್ಯಾಪ್ಟನ್‌ಗಳು ಸ್ನೇಹಿತರನ್ನು ಆರಿಸುತ್ತಾರೆ ಅನ್ನುವ ಮಾತು ಪ್ರತಿ ವರ್ಷ ಕೇಳುತ್ತೇನೆ. ಅಲ್ಲಲ್ಲಿ ಒಂದಷ್ಟು ನಡೆಯುವುದಿಲ್ಲ ಅಂತ ಹೇಳಲಾರೆ, ಹದಿನೇಳು ವರ್ಷದ ಮಕ್ಕಳು ತಾನೆ. ಆದರೆ ಒಳ್ಳೆಯ ತಂಡಗಳ ಆಯ್ಕೆ ಹೇಗೆ ನಡೆಯುತ್ತದೆ ಅಂತ ಒಮ್ಮೆ ಹತ್ತಿರದಿಂದ ನೋಡಬೇಕು. ಗ್ಯಾಲರಿಯಲ್ಲಿ ಆರು ಮಕ್ಕಳು ಸಾಲಾಗಿ ಕೂತಿರುತ್ತಾರೆ, ಮೈದಾನದ ಆರು ರೋಬೋಟ್‌ಗೆ ಒಬ್ಬೊಬ್ಬರು. ಯಾವುದು ಎಷ್ಟು ಸಲ ಹಾಕಿತು, ಎಷ್ಟು ಸಲ ತಪ್ಪಿತು, ಎಷ್ಟು ಸೆಕೆಂಡ್ ನಿಂತಿತು, ಎಲ್ಲ ಟ್ಯಾಬ್ಲೆಟ್‌ನಲ್ಲಿ ಒತ್ತುತ್ತಲೇ ಇರುತ್ತಾರೆ. ರಾತ್ರಿ ಹೋಟೆಲ್ ಕೋಣೆಯಲ್ಲಿ ತಣ್ಣಗಾದ ಪಿಜ್ಜಾ ಪಕ್ಕ ಇಟ್ಟುಕೊಂಡು ಪಿಕ್‌ಲಿಸ್ಟ್, ಅಂದರೆ ಯಾರನ್ನು ಆರಿಸಬೇಕು ಅನ್ನುವ ಪಟ್ಟಿ ಮಾಡುತ್ತಾರೆ. ಒಂದು ಸಲ ನಮ್ಮ ಪಟ್ಟಿಯಲ್ಲಿ ಒಳ್ಳೆಯದೊಂದು ತಂಡದ ಹೆಸರನ್ನು ಸ್ಕೌಟಿಂಗ್ (ಬೇರೆ ತಂಡಗಳ ಆಟ ಗಮನಿಸಿ ಬರೆದಿಡುವ ಕೆಲಸ) ನೋಡಿಕೊಳ್ಳುವ ಹುಡುಗ ಏಳರಿಂದ ಹತ್ತೊಂಬತ್ತಕ್ಕೆ ಇಳಿಸಿದ. ಯಾಕಪ್ಪಾ ಅಂದೆ. "ಅಂಕಲ್, ಇವರದು ಎರಡು ಸಲ ಸತ್ತಿದೆ" ಅಂದ. ಅವನ ಕೈಯಲ್ಲಿ ಇದ್ದದ್ದು ಅದೊಂದೇ ಕಾರಣ, ಅದು ಸಾಕಾಗಿತ್ತು. ಎರಡನೇ ಸುತ್ತಿನ ಪಿಕ್‌ಗೆ ಯಾರೂ ಅತಿ ಬುದ್ಧಿವಂತ ರೋಬೋಟ್ ಹುಡುಕುವುದಿಲ್ಲ. ನಿಲ್ಲದೆ ಓಡುವ, ಹೇಳಿದ ಕೆಲಸ ಒಂದನ್ನು ಸರಿಯಾಗಿ ಮಾಡುವ ರೋಬೋಟ್ ಬೇಕು.

ಅಲ್ಲಿಗೆ ಮಗಳ ವೈರಿಂಗ್‌ಗೆ ಬಂದೆವು.

ಎರಡನೇ ಈವೆಂಟ್‌ನಲ್ಲಿ ರೋಬೋಟ್ ಎರಡು ಸಲ ನಿಂತಿತು ಅಂದಿರಿ. ಹೇಗೆ ನಿಂತಿತು ಅನ್ನುವುದು ಮುಖ್ಯ. ತಡೆದು ತಡೆದು, ಬಿಕ್ಕಳಿಸಿದ ಹಾಗೆ ಓಡಿ, ಸ್ವಲ್ಪ ಬಿಟ್ಟು ಸರಿಹೋಯಿತಾ? ಹಾಗಾದರೆ ಅದು ಬ್ರೌನ್‌ಔಟ್, ವೋಲ್ಟೇಜ್ ಕುಸಿತ. ಪೂರ್ತಿ ಸುಮ್ಮನಾಗಿ, ಅರ್ಧ ನಿಮಿಷಕ್ಕೂ ಜಾಸ್ತಿ ಮಿಸುಕಾಡದೆ, ಆಮೇಲೆ ತಾನೇ ಎದ್ದಿತಾ? ಹಾಗಾದರೆ ರೇಡಿಯೋ ಅಥವಾ ಕಂಟ್ರೋಲರ್‌ಗೆ ಹೋಗುವ ಕರೆಂಟ್ ಕ್ಷಣ ಮಾತ್ರ ತಪ್ಪಿ, ಅದು ಮತ್ತೆ ಬೂಟ್ ಆಗಿರುತ್ತದೆ. ಒಂದು ಬದಿಯ ಮೋಟರ್‌ಗಳು ಮಾತ್ರ ಸತ್ತವಾ? ಹಾಗಾದರೆ ಮೋಟರ್‌ಗಳಿಗೆ ಆದೇಶ ಒಯ್ಯುವ ಕ್ಯಾನ್ ಬಸ್‌ನ ಹಳದಿ-ಹಸಿರು ಜೋಡಿ ತಂತಿ ನೋಡಬೇಕು. ಅದರಲ್ಲಿ ಒಂದು ಕಡೆ ಬಿಟ್ಟರೆ ಅಲ್ಲಿಂದ ಮುಂದಿನದೆಲ್ಲ ಕಿವುಡು.

ಬ್ರೌನ್‌ಔಟ್ ಆಗಿದ್ದರೆ ಲೆಕ್ಕ ಹೀಗೆ. ಬ್ಯಾಟರಿ 12 ವೋಲ್ಟ್, 18 ಆಂಪಿಯರ್-ಅವರ್‌ದು, ಚಿಕ್ಕ ಯುಪಿಎಸ್‌ನಲ್ಲಿ ಇರುವಂಥದ್ದು. ಪೂರ್ತಿ ಚಾರ್ಜ್ ಆದಾಗ 12.5ಕ್ಕಿಂತ ಸ್ವಲ್ಪ ಮೇಲಿರುತ್ತದೆ. ರೋಬೋಟ್ ಜೋರಾಗಿ ತಳ್ಳಾಡುವಾಗ 200 ಆಂಪಿಯರ್ ಎಳೆಯುವುದು ಮಾಮೂಲು. ಬ್ಯಾಟರಿ, ವೈರು, ಕನೆಕ್ಟರ್ ಎಲ್ಲ ಸೇರಿ 0.02 ಓಮ್ ಇದೆ ಅಂದುಕೊಂಡರೆ 4 ವೋಲ್ಟ್ ದಾರಿಯಲ್ಲೇ ಹೋಯಿತು, ಉಳಿದದ್ದು ಎಂಟೂವರೆ. ಪರವಾಗಿಲ್ಲ, ಓಡುತ್ತದೆ. ಈಗ ಬ್ಯಾಟರಿ ಟರ್ಮಿನಲ್‌ನ ಒಂದು ನಟ್ ಸಡಿಲಾಗಿ ಇನ್ನೊಂದು 0.015 ಓಮ್ ಸೇರಿತು ಅನ್ನಿ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಹೋಗುವುದು 7 ವೋಲ್ಟ್, ಉಳಿಯುವುದು ಐದೂವರೆ. ಆರೂವರೆ ವೋಲ್ಟ್‌ನ ಆಸುಪಾಸಿಗೆ ಬಂದರೇ ಕಂಟ್ರೋಲರ್ ತನ್ನನ್ನು ಉಳಿಸಿಕೊಳ್ಳಲು ಮೋಟರ್‌ಗಳನ್ನು ಕಡಿದು ಹಾಕುತ್ತದೆ. ಪಿಟ್‌ನಲ್ಲಿ ಗಾಲಿ ಎತ್ತಿ ಪರೀಕ್ಷಿಸಿದರೆ ಎಲ್ಲ ಸರಿಯಾಗೇ ಓಡುತ್ತದೆ, ಯಾಕೆಂದರೆ ಅಲ್ಲಿ ಹೊರೆ ಇಲ್ಲ. ಮೈದಾನದಲ್ಲಿ ಮಾತ್ರ ಸಾಯುತ್ತದೆ. ಮಕ್ಕಳು "ಫೀಲ್ಡ್ ಸರಿ ಇರಲಿಲ್ಲ" ಅನ್ನುತ್ತಾರೆ.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷಗಳ ಹಿಂದೆ ನಮ್ಮ ರೋಬೋಟೂ ಪ್ಲೇಆಫ್‌ನಲ್ಲಿ ಹೀಗೇ ನಿಂತಿತು. ನಾವೂ ಒಂದು ತಿಂಗಳು ಫೀಲ್ಡ್‌ನವರನ್ನು ಬೈದೆವು. ಜೂನ್‌ನಲ್ಲಿ ರೋಬೋಟ್ ಬಿಚ್ಚುವಾಗ ಒಂಬತ್ತನೇ ತರಗತಿಯ ಹುಡುಗಿ ಮೇನ್ ಬ್ರೇಕರ್‌ನ (ಇಡೀ ರೋಬೋಟ್‌ನ ಮುಖ್ಯ ಸ್ವಿಚ್) ನಟ್ ಅನ್ನು ಎರಡು ಬೆರಳಲ್ಲಿ ತಿರುಗಿಸಿ ತೋರಿಸಿದಳು. ಸ್ಪ್ಯಾನರ್ ಬೇಕಾಗಲಿಲ್ಲ. ಆ ಈವೆಂಟ್‌ನ ಬೆಳಿಗ್ಗೆ "ಬ್ರೇಕರ್ ನಾನು ನೋಡಿದ್ದೇನೆ, ಬಿಡಿ" ಅಂದಿದ್ದವನು ನಾನೇ. ಇಪ್ಪತ್ತು ವರ್ಷದ ಅನುಭವದ ಎಲೆಕ್ಟ್ರಿಕಲ್ ಎಂಜಿನಿಯರ್. ಕಣ್ಣಲ್ಲಿ ನೋಡಿದ್ದೆ, ಕೈಯಲ್ಲಿ ಅಲುಗಿಸಿರಲಿಲ್ಲ.

ಹಾಗಾಗಿ ಮಗಳು ಮಾಡಬೇಕಾದದ್ದು ಊಹೆ ಅಲ್ಲ. ರೋಬೋಟ್ ಓಡಿಸುವ ಡ್ರೈವರ್ ಸ್ಟೇಷನ್ ಲ್ಯಾಪ್‌ಟಾಪ್ ಪ್ರತಿ ಮ್ಯಾಚ್‌ನ ಲಾಗ್ (ದಾಖಲೆ) ಉಳಿಸಿಕೊಂಡಿರುತ್ತದೆ. ಆ ಎರಡು ಮ್ಯಾಚ್‌ನ ಲಾಗ್ ತೆರೆದು ವೋಲ್ಟೇಜ್ ಗೆರೆ ನೋಡಲಿ. ಗೆರೆ ಗರಗಸದ ಹಲ್ಲಿನ ಹಾಗೆ ಕೆಳಗಿಳಿದಿದ್ದರೆ ಒಂದು ಕಥೆ. ವೋಲ್ಟೇಜ್ ಚೆನ್ನಾಗಿದ್ದು ಸಂಪರ್ಕ ಮಾತ್ರ ಕಡಿದಿದ್ದರೆ ಬೇರೆ ಕಥೆ. ಎರಡೂ ಮ್ಯಾಚ್‌ಗೆ ಒಂದೇ ಬ್ಯಾಟರಿ ಹಾಕಿದ್ದರಾ ಅಂತಲೂ ನೋಡಲಿ. ಹಾಗಿದ್ದರೆ ತಪ್ಪು ಅವಳ ವೈರಿನದಲ್ಲ, ಬ್ಯಾಟರಿಗಳಿಗೆ ನಂಬರ್ ಹಾಕದ ಇಡೀ ತಂಡದ್ದು. ಇನ್ನೊಂದು ವಿಷಯ, ಈವೆಂಟ್‌ನಲ್ಲಿ ಕಂಟ್ರೋಲ್ ಸಿಸ್ಟಮ್ ಸಲಹೆಗಾರರು ಅಂತ ಸ್ವಯಂಸೇವಕರು ಇರುತ್ತಾರೆ. ರೋಬೋಟ್ ನಿಂತ ತಕ್ಷಣ ಲಾಗ್ ನೋಡಿ ಹೇಳುವುದೇ ಅವರ ಕೆಲಸ. ನಮ್ಮ ಮಕ್ಕಳು, ಅದರಲ್ಲೂ ಚೆನ್ನಾಗಿ ಓದುವ ಮಕ್ಕಳು, ಕೇಳುವುದಿಲ್ಲ. ಕೇಳಿದರೆ ಗೊತ್ತಿಲ್ಲ ಅಂತ ಒಪ್ಪಿಕೊಂಡ ಹಾಗೆ ಅನ್ನಿಸುತ್ತದೋ ಏನೋ.

ಸರಿ, ವೈರಿಂಗ್‌ನದೇ ತಪ್ಪು ಅಂತಲೇ ಇಟ್ಟುಕೊಳ್ಳೋಣ. ಆ ಎರಡು ಮ್ಯಾಚ್ ಸತ್ತಿರದಿದ್ದರೆ 11ರ ಬದಲು 6ನೇ ಸ್ಥಾನ ಬರುತ್ತಿತ್ತು ಅನ್ನಿ. 16ರ ಬದಲು 18. ಎರಡು ಅಂಕ! ಬರೀ ಸಮ ಆಗುತ್ತಿತ್ತು, ಆಮೇಲೆ ಪ್ಲೇಆಫ್ ಅಂಕ ಯಾರದು ಜಾಸ್ತಿ ಅಂತ ನೋಡುತ್ತಿದ್ದರು, ನಿಮ್ಮದು ಅಲ್ಲಿ ಬರೀ 13. ಅಲಯನ್ಸ್ ಆಯ್ಕೆಯಲ್ಲಿ ಇನ್ನೊಂದೆರಡು ಸಿಗಬಹುದಿತ್ತು. ಹಾಗೆಯೇ 3ನೇ ಸ್ಥಾನ ತಂದುಕೊಟ್ಟ ಆ 6ನೇ ಅಲಯನ್ಸ್ ತಪ್ಪಿ ಹೋಗಿ 13 ಅಂಕ ಕಳೆದುಕೊಳ್ಳಲೂಬಹುದಿತ್ತು. ಮೊದಲ ಈವೆಂಟ್‌ನಲ್ಲಿ ಕ್ಯಾಪ್ಟನ್ ಆಗಿ ನಾಲ್ಕನೇ ಸ್ಥಾನಕ್ಕೆ ನಿಂತಿದ್ದರೂ 7 ಬರುತ್ತಿತ್ತು. ಆಗ ಆರಿಸಿದ ಜೊತೆಗಾರರು ಯಾರು, ಯಾಕೆ ಆರಿಸಿದರು? ಅದಕ್ಕೆ ಉತ್ತರ ಕೊಡಬೇಕಾದವರು ಸ್ಕೌಟಿಂಗ್‌ನವರು. ಅಂದರೆ ಎರಡು ಅಂಕ ಸೋರಿದ ತೂತು ಕನಿಷ್ಠ ನಾಲ್ಕು ಕಡೆ ಇದೆ, ಅದರಲ್ಲಿ ಅವಳದು ಒಂದು. ಈ ಲೆಕ್ಕವನ್ನೇ ಅವಳ ಮುಂದೆ ಇಡಿ.

ನಾಲ್ಕರಲ್ಲಿ ಅತಿ ಸುಲಭದ ತೂತು ಯಾವುದು ಗೊತ್ತಾ? ಪ್ರಶಸ್ತಿ. ಡಿಸ್ಟ್ರಿಕ್ಟ್‌ನಲ್ಲಿ ಜಡ್ಜ್‌ಗಳು ಕೊಡುವ ಸಾಮಾನ್ಯ ಪ್ರಶಸ್ತಿಗೆ 5 ಅಂಕ, ಎಂಜಿನಿಯರಿಂಗ್ ಇನ್‌ಸ್ಪಿರೇಷನ್‌ಗೆ 8, ಇಂಪ್ಯಾಕ್ಟ್ ಅವಾರ್ಡ್‌ಗೆ 10. ಮೂರು ಈವೆಂಟ್‌ನಲ್ಲಿ ಒಂದೇ ಒಂದು ಚಿಕ್ಕ ಪ್ರಶಸ್ತಿ ಬಂದಿದ್ದರೆ ಈ ಪತ್ರವನ್ನೇ ನೀವು ಬರೆಯುತ್ತಿರಲಿಲ್ಲ. ಮೊದಲು ಚೇರ್ಮನ್ಸ್ ಅವಾರ್ಡ್ ಅಂತಿದ್ದದ್ದೇ ಈಗ ಇಂಪ್ಯಾಕ್ಟ್. ಡಿಸ್ಟ್ರಿಕ್ಟ್‌ನಲ್ಲಿ ಅದನ್ನು ಗೆದ್ದರೆ ಸ್ಟೇಟ್‌ಗೆ ನೇರ, ಸ್ಟೇಟ್‌ನಲ್ಲಿ ಗೆದ್ದರೆ ಹ್ಯೂಸ್ಟನ್‌ಗೆ ನೇರ. ಅದಕ್ಕೆ ವರ್ಷಗಟ್ಟಲೆ ಕೆಲಸ ಬೇಕು, ಚಿಕ್ಕ ಮಕ್ಕಳಿಗೆ ಕಲಿಸುವುದು, ಹೊಸ ತಂಡ ಕಟ್ಟುವುದು ಹೀಗೆ. ಬರೀ ಪ್ರಶಸ್ತಿಗಾಗಿ ಮಾಡಿದ್ದನ್ನು ಜಡ್ಜ್‌ಗಳು ಮೂರೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ. ಆದರೆ 5 ಅಂಕದ ತಾಂತ್ರಿಕ ಪ್ರಶಸ್ತಿಗಳಿಗೆ ಬೇಕಾದದ್ದು ನಿಮ್ಮವರ ಹತ್ತಿರ ಆಗಲೇ ಇದೆ. ಇನ್‌ಸ್ಪೆಕ್ಷನ್‌ಗೆ ಹೋದಾಗ ನಾನು ಕಾಣುವುದು ಹೀಗಿರುತ್ತದೆ: ಜಡ್ಜ್ ಪಿಟ್‌ಗೆ ಬಂದು ನಿಂತಿರುತ್ತಾರೆ, ಮಕ್ಕಳೆಲ್ಲ ಬೆನ್ನು ತಿರುಗಿಸಿ ಚೈನ್ ಬಿಗಿ ಮಾಡುತ್ತಿರುತ್ತಾರೆ, ಯಾರೋ ಒಬ್ಬ "ಒಂದ್ನಿಮಿಷ" ಅನ್ನುತ್ತಾನೆ. ಜಡ್ಜ್ ಮುಂದಿನ ಪಿಟ್‌ಗೆ ಹೋಗಿಬಿಡುತ್ತಾರೆ. ಕೈಗೆ ಸ್ಪ್ಯಾನರ್ ಕೊಡದೆ ಇಬ್ಬರನ್ನು ಮಾತಿಗಂತಲೇ ನಿಲ್ಲಿಸಬೇಕು, ಸೋತದ್ದನ್ನೂ ಹೇಳಬಲ್ಲ ಇಬ್ಬರನ್ನು.

ಮೂರನೇ ಈವೆಂಟ್ ವಿಷಯ ಬೇಗ ಮುಗಿಸುತ್ತೇನೆ. ಅಂಕಕ್ಕೆ ಲೆಕ್ಕವಾಗುವುದು ಮೊದಲ ಎರಡು ಡಿಸ್ಟ್ರಿಕ್ಟ್ ಈವೆಂಟ್ ಮಾತ್ರ. ಮೂರನೆಯದು ಡ್ರೈವರ್‌ಗೆ ಅಭ್ಯಾಸ ಕೊಡುತ್ತದೆ, ಅಂಕ ಕೊಡುವುದಿಲ್ಲ. ಇನ್ನೂ ಒಂದು ವಾರಾಂತ್ಯ, ಇನ್ನೂ ಒಂದು ಶುಲ್ಕ, ಮುರಿದುಕೊಳ್ಳಲು ಇನ್ನೂ ಒಂದು ಅವಕಾಶ. ದುಡ್ಡಿದ್ದರೆ ಅದನ್ನು ಹೊಸ ಬ್ಯಾಟರಿಗಳಿಗೆ ಹಾಕಿ ಅಂತಲೇ ನಾನು ಹೇಳುವುದು.

ಅಭ್ಯಾಸಕ್ಕೆ ಬೇಕಿದ್ದರೆ ಆಫ್‌ಸೀಸನ್ ಈವೆಂಟ್‌ಗಳಿವೆ. ಜೂನ್-ಜುಲೈಯಲ್ಲಿ ನೀವೆಲ್ಲ ಊರಿಗೆ ಹೋಗುವವರು, ಟಿಕೆಟ್ ಜನವರಿಯಲ್ಲೇ ಆಗಿರುತ್ತದೆ. ಹಾಗಾಗಿ ಫ್ಲಿಂಟ್‌ನ ಕೆಟರಿಂಗ್ ಯೂನಿವರ್ಸಿಟಿಯಲ್ಲಿ ಸೆಪ್ಟೆಂಬರ್‌ನಲ್ಲಿ ನಡೆಯುವ ಕೆಟರಿಂಗ್ ಕಿಕ್‌ಆಫ್ ನಿಮ್ಮಂಥವರಿಗೆ ಅನುಕೂಲ. ಅಲ್ಲಿ ಹೊಸ ಡ್ರೈವರ್‌ಗಳನ್ನು ಕೂರಿಸಬಹುದು, ಸೋತರೆ ಏನೂ ಹೋಗುವುದಿಲ್ಲ. ತೊಂದರೆ ಒಂದೇ, ಶಾಲೆ ಶುರುವಾದ ತಿಂಗಳು. 12ನೇ ತರಗತಿಯವರಿಗೆ ಆಗ ಕಾಲೇಜು ಪ್ರಬಂಧಗಳ ಕಾಟ. ಆ ತಿಂಗಳು ಮಗಳನ್ನು ಕ್ಯಾಪ್ಟನ್ ಕೆಲಸಕ್ಕೆ ಹಚ್ಚಬೇಡಿ, ವೈರಿಂಗ್ ಕಲಿಯುವ ಒಂಬತ್ತನೇ ತರಗತಿಯವರ ಪಕ್ಕ ಕೂರಿಸಿ.

ರೋಬೋಟ್ ಬಗ್ಗೆ ತಂಡದಲ್ಲಿ ಎರಡು ಪಕ್ಷ ಆಗಿರುತ್ತದೆ, ನನಗೆ ಗೊತ್ತು. ಒಂದು ಪಕ್ಷ "ಮುಂದಿನ ವರ್ಷ ಎಲ್ಲ ಕೆಲಸವನ್ನೂ ಮಾಡುವ ರೋಬೋಟ್ ಕಟ್ಟೋಣ" ಅನ್ನುತ್ತದೆ. ಇನ್ನೊಂದು "ಕಮ್ಮಿ ಕೆಲಸ, ಆದರೆ ಸರಿಯಾಗಿ" ಅನ್ನುತ್ತದೆ. ನನ್ನ ಮತ ಎರಡನೆಯವರಿಗೆ. ಎರಡು ವಾರ ಮೊದಲೇ ಮುಗಿದ ಸಾಧಾರಣ ರೋಬೋಟ್ ಡ್ರೈವರ್ ಕೈಯಲ್ಲಿ ಪಳಗಿ, ಹಿಂದಿನ ರಾತ್ರಿ ಮುಗಿದ ಚೆಂದದ ರೋಬೋಟನ್ನು ಹೊಡೆದುಹಾಕುವುದನ್ನು ಪ್ರತಿ ವರ್ಷ ನೋಡುತ್ತೇನೆ. ಇದರಲ್ಲಿ ಅಪಾಯವೂ ಇದೆ. ಕೆಲವು ಆಟಗಳಲ್ಲಿ ಗೆಲುವಿನ ಜೊತೆ ನಿರ್ದಿಷ್ಟ ಕೆಲಸಗಳಿಗೆ, ಅರ್ಹತಾ ಸ್ಥಾನ ತೀರ್ಮಾನಿಸುವ ಬೋನಸ್ ರ‍್ಯಾಂಕಿಂಗ್ ಪಾಯಿಂಟ್ ಇರುತ್ತದೆ. ನೀವು ಬಿಟ್ಟ ಕೆಲಸ ಅದೇ ಆದರೆ ಗೆದ್ದೂ ಗೆದ್ದೂ 15ನೇ ಸ್ಥಾನದಲ್ಲಿ ಕೂತಿರುತ್ತೀರಿ. ಯಾವುದನ್ನು ಬಿಡಬೇಕು ಅಂತ ನಿಯಮದ ಪುಸ್ತಕ ಓದಿ ಜನವರಿಯ ಮೊದಲ ವಾರದಲ್ಲೇ ತೀರ್ಮಾನಿಸಬೇಕು. ಹೊಸ ಸ್ವರ್ವ್ ಡ್ರೈವ್ (ಪ್ರತಿ ಗಾಲಿಯೂ ಬೇಕಾದ ದಿಕ್ಕಿಗೆ ತಿರುಗುವ ವ್ಯವಸ್ಥೆ) ಹಾಕುವ ಯೋಚನೆ ಇದ್ದರೆ ಅದನ್ನು ಬೇಸಿಗೆಯಲ್ಲಿ ಕಲಿಯಲಿ, ಜನವರಿಯಲ್ಲಲ್ಲ.

ಈ ವರ್ಷಕ್ಕೆ ತಡವಾಯಿತು, ಆದರೂ ಗೊತ್ತಿರಲಿ. ಹ್ಯೂಸ್ಟನ್‌ಗೆ ಅರ್ಹತೆ ಸಿಕ್ಕಿದ ತಂಡ ಬರಲಾಗುವುದಿಲ್ಲ ಅಂದರೆ ಆ ಜಾಗ ಡಿಸ್ಟ್ರಿಕ್ಟ್ ಪಟ್ಟಿಯ ಮುಂದಿನ ತಂಡಕ್ಕೆ ಹೋಗುತ್ತದೆ. ನಡುವೆ ಸಿಗುವುದು ಹೆಚ್ಚೆಂದರೆ ಎರಡು ವಾರ, ಖರ್ಚು ಸಾವಿರಾರು ಡಾಲರ್. ಅಂಚಿನಲ್ಲಿ ಇರುವ ತಂಡ ಸ್ಟೇಟ್‌ಗೆ ಮುಂಚೆಯೇ ಶಾಲೆಯ ಅನುಮತಿ, ದುಡ್ಡಿನ ದಾರಿ ನೋಡಿಟ್ಟುಕೊಂಡಿರಬೇಕು. ಆಸೆಯಿಂದ ದುಡ್ಡು ವಾಪಸ್ ಬಾರದ ವಿಮಾನ ಟಿಕೆಟ್ ಮಾತ್ರ ತೆಗೆಯಬೇಡಿ. ಹಾಗೆ ಮಾಡಿ ಕೈಸುಟ್ಟುಕೊಂಡ ಒಬ್ಬ ತಂದೆ ನನ್ನ ಗೆಳೆಯ.

ಮನೆ ಬದಲಿಸುವ ಮಾತು. ಯಜಮಾನರಿಗೆ ಹೇಳಿ, ದೊಡ್ಡ ತಂಡದಲ್ಲಿ ಮಕ್ಕಳು ಬಹಳ ಇರುತ್ತಾರೆ. 12ನೇ ತರಗತಿಗೆ ಹೊಸದಾಗಿ ಹೋದ ಹುಡುಗಿಗೆ ಇಡೀ ರೋಬೋಟ್‌ನ ವೈರಿಂಗ್ ಯಾರು ಕೊಡುತ್ತಾರೆ? ಹ್ಯೂಸ್ಟನ್ ಗ್ಯಾಲರಿಯಲ್ಲಿ ಬಾವುಟ ಬೀಸಲು ಸಿಗಬಹುದು. ಇಲ್ಲಿ ಅವಳ ಕೈಯಲ್ಲಿ ತಂತಿಯ ತುದಿ ಬಿಗಿಯುವ ಕ್ರಿಂಪಿಂಗ್ ಟೂಲ್ ಇದೆ.

ಕಾಲೇಜಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ತಂಡದ ಮಕ್ಕಳಿಗೆ ಶಿಫಾರಸು ಪತ್ರ ಬರೆಯುತ್ತಲೇ ಇರುತ್ತೇನೆ. ಹ್ಯೂಸ್ಟನ್‌ಗೆ ಹೋಗಿದ್ದರಾ ಅಂತ ಯಾವ ಫಾರ್ಮ್‌ನಲ್ಲೂ ಇದುವರೆಗೆ ಕೇಳಿಲ್ಲ. ಈ ಹುಡುಗಿ ಏನು ಮಾಡಿದಳು, ಕೆಟ್ಟಾಗ ಏನು ಮಾಡಿದಳು ಅಂತ ಕೇಳುತ್ತಾರೆ. ಪ್ರಬಂಧದಲ್ಲಿ "ಎರಡು ಅಂಕದಲ್ಲಿ ಸೋತು ಅತ್ತೆ, ಪಾಠ ಕಲಿತೆ" ಅಂತ ಬರೆಯುವುದು ಬೇಡ, ಅಂಥದ್ದು ಓದಿ ಓದಿ ಅವರಿಗೂ ಸಾಕಾಗಿರುತ್ತದೆ. ಲಾಗ್‌ನಲ್ಲಿ ಏನು ಕಂಡಿತು, ಅದರಿಂದ ಏನು ಬದಲಿಸಿದಳು ಅಂತ ಬರೆದರೆ ಓದುವ ಹಾಗಿರುತ್ತದೆ. ಅದಕ್ಕೆ ಮೊದಲು ಅವಳು ಲಾಗ್ ತೆರೆಯಬೇಕು.

ವರ್ಕ್‌ಶಾಪ್‌ಗೆ ಹೋಗು ಅಂತ ಬಲವಂತ ಮಾಡಬೇಡಿ. ಮೇ ತಿಂಗಳಲ್ಲಿ ತಂಡಗಳು ರೋಬೋಟ್ ಬಿಚ್ಚುವ ಸಂಜೆ ಅಂತ ಒಂದು ಇಟ್ಟುಕೊಂಡಿರುತ್ತವೆ. ಅವತ್ತು ಬಿಟ್ಟು ಬನ್ನಿ, ಏನೂ ಹೇಳದೆ. ಬೇರೆಯವರು ಕೈ ಹಾಕುವ ಮುಂಚೆ ಪ್ರತಿ ನಟ್ಟನ್ನು ಅವಳೇ ಮುಟ್ಟಿ ನೋಡಲಿ, ಸಡಿಲ ಇದ್ದದ್ದರ ಫೋಟೋ ತೆಗೆದುಕೊಳ್ಳಲಿ. ಸಡಿಲವೇ ಇಲ್ಲದಿದ್ದರೆ ಅದೂ ಒಂದು ಉತ್ತರ. ಬ್ಯಾಟರಿಯ ಒಳ ರೋಧ ಅಳೆಯುವ ಟೆಸ್ಟರ್ ನಿಮ್ಮ ತಂಡದಲ್ಲಿ ಇಲ್ಲದಿದ್ದರೆ ನನ್ನದು ಗ್ಯಾರೇಜ್‌ನಲ್ಲಿ ಸುಮ್ನೆ ಬಿದ್ದಿದೆ. ಕ್ಯಾಂಟನ್ ನನಗೆ ಇಪ್ಪತ್ತು ನಿಮಿಷದ ದಾರಿ, ಶನಿವಾರ ತಂದುಕೊಡುತ್ತೇನೆ. ಬ್ಯಾಟರಿಗಳಿಗೆ ನಂಬರ್ ಬರೆಯಲು ಒಂದು ಬಿಳಿ ಪೇಂಟ್ ಪೆನ್ ಮಾತ್ರ ನೀವೇ ತಂದಿಟ್ಟಿರಿ.